ಉರಿಯದ ಬೆಂಕಿ ಹಿಡಿದ ಝೆನೋವಿಯಾ

ಯಾಶ್ ನಗರಕ್ಕೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನರ್ಸ್ ಝೆನೋವಿಯಾ ಆಗಲೇ ಬೆನ್ನು ಬಗ್ಗಿಸಿ ಕೂತಿದ್ದಾರೆ. ಎದುರಿಗೆ ನಿವೃತ್ತ ಟ್ರಾಮ್ ಚಾಲಕ ಪಂದೇಲೆಯ ಬಲಗಾಲು. ಸಕ್ಕರೆ ಕಾಯಿಲೆಯ ಹುಣ್ಣು, ಯಾವ ಔಷಧಕ್ಕೂ ಬಗ್ಗದ ರೋಗಾಣು. ಝೆನೋವಿಯಾ ಕೈಯಲ್ಲಿರುವುದು ಪೆನ್ನಿನಂಥ ಉಪಕರಣ, ಅದರ ತುದಿಯಲ್ಲಿ ನೇರಳೆ ಜ್ವಾಲೆ. ಇದಕ್ಕೆ ಪ್ಲಾಸ್ಮಾ ಎನ್ನುತ್ತಾರೆ. ಅನಿಲದೊಳಗೆ ವಿದ್ಯುತ್ ಹಾಯಿಸಿ ಹುಟ್ಟಿಸುವ ಈ ತಣ್ಣನೆಯ ಬೆಂಕಿ ರೋಗಾಣುವನ್ನು ಕೊಲ್ಲುತ್ತದೆ, ಚರ್ಮವನ್ನು ಸುಡುವುದಿಲ್ಲ. ಈ ವಾರ ಹುಣ್ಣು ಇಳಿಯದಿದ್ದರೆ ಕಾಲು ತೆಗೆಯುವುದೇ ಎಂದು ಸರ್ಜನ್ ಹೇಳಿಬಿಟ್ಟಿದ್ದಾರೆ.

ಇಪ್ಪತ್ತು ವರ್ಷಗಳಿಂದ ಝೆನೋವಿಯಾ ಬದುಕು ಕೊಳೆತ ಗಾಯಗಳ ಜೊತೆಗೇ. ದಿನಕ್ಕೆ ಹದಿನೈದಾದರೂ ಕಾಲುಗಳು, ಊಟ ನಿಂತಲ್ಲೇ. ವಾಸಿಯಾದವರು ಮೇಲಿನ ಮಹಡಿಯ ಡಾಕ್ಟರಿಗೆ ಹೂಗುಚ್ಛ ಕೊಟ್ಟು ಹೋಗುತ್ತಾರೆ, ಕೆಳಗೆ ಇಳಿದು ಬರುವುದಿಲ್ಲ.

"ಮೆಟ್ಲಿಳಿಯೋಕೆ ಕಾಲು ನೋವಂತೆ. ಆ ಕಾಲು ವಾಸಿ ಮಾಡಿದ್ದು ಯಾರಪ್ಪಾ?" ಎಂದು ನಗುತ್ತಾರೆ ಝೆನೋವಿಯಾ.

ಹೋದ ವಾರ ಪಂದೇಲೆಯ ಹುಣ್ಣಿನ ಅಂಚಿನಲ್ಲಿ ಕೆಂಪಗೆ ಹೊಸ ಮಾಂಸ ಚಿಗುರಿತ್ತು. ಇವತ್ತು ಪಟ್ಟಿ ಬಿಚ್ಚಿದರೆ ಅದೆಲ್ಲ ಬೆಳ್ಳಗೆ ಸತ್ತು ಕೂತಿದೆ. ಗಪ್ಪೆಂದು ಸಾರಾಯಿ ವಾಸನೆ ಬೇರೆ.

"ಪಂದೇಲೆ ಅಣ್ಣಾ, ಪ್ಲಮ್ ಹಣ್ಣಿನ ಸಾರಾಯಿ ಕುಡಿದ್ರಾ?"

"ದೇವರಾಣೆ ಒಂದು ತೊಟ್ಟೂ ಕುಡ್ದಿಲ್ಲ ಸಿಸ್ಟರಮ್ಮ. ಎಲ್ಲಾ ಕಾಲಿಗೇ ಹುಯ್ದೆ."

"ಕಾಲಿಗಾ? ಯಾಕ್ರೀ?"

"ನಿಮ್ಮ ಮೆಷಿನ್ನು ಒಂಚೂರೂ ಉರಿಯಲ್ಲ. ಉರೀದೆ ಹುಳ ಹೆಂಗೆ ಸಾಯ್ತವೆ? ನಮ್ಮಪ್ಪ ಗಾಯಕ್ಕೆ ಸಾರಾಯೇ ಹುಯ್ತಿದ್ದ. ಇದೂ ಉರೀಲಿಲ್ಲ ನೋಡಿ, ಅದಕ್ಕೇ ದಿನಾ ಜಾಸ್ತಿ ಜಾಸ್ತಿ ಹುಯ್ದೆ."

ಸಕ್ಕರೆ ಕಾಯಿಲೆ ಆ ಪಾದದ ನರಗಳನ್ನು ಎಂದೋ ಕೊಂದಿದೆ. ಏನು ಸುರಿದರೂ ಅಲ್ಲಿ ಉರಿ ಗೊತ್ತಾಗುವುದಿಲ್ಲ. ಸಾರಾಯಿ ಸುಟ್ಟದ್ದು ಹೊಸ ಮಾಂಸವನ್ನು. ಝೆನೋವಿಯಾ ಮೇಲೆ ಹೋಗಿ ಸರ್ಜನ್ ಬಳಿ ಇನ್ನೊಂದು ವಾರ ಕೇಳುತ್ತಾರೆ. ಸೋಂಕು ಮೂಳೆಗೆ ಇಳಿದಿದೆ, ಇನ್ನು ಕಾಯುವಂತಿಲ್ಲ ಎನ್ನುತ್ತಾರೆ ಅವರು.

ಆಪರೇಷನ್ನಿಗೆ ಹೊರಟ ಪಂದೇಲೆಯ ಗಾಲಿಕುರ್ಚಿಯನ್ನು ಝೆನೋವಿಯಾ ತಾವೇ ಲಿಫ್ಟಿನವರೆಗೆ ತಳ್ಳುತ್ತಾರೆ. ಆತ ಅವರ ಕೈ ಹಿಡಿದುಕೊಳ್ಳುತ್ತಾನೆ.

"ನಿಜ ಹೇಳಿ ಸಿಸ್ಟರಮ್ಮ. ನಾನು ಸುಮ್ನಿದ್ದಿದ್ರೆ ನಿಮ್ಮ ಮೆಷಿನ್ನು ಕಾಲು ಉಳಿಸ್ತಿತ್ತಾ?"

ಉಳಿಸುತ್ತಿತ್ತು. ಆ ಕೆಂಪು ಮಾಂಸವನ್ನು ಅವರೇ ಕಣ್ಣಾರೆ ಕಂಡವರು. ಈ ಕೆಲಸದಲ್ಲಿ ಅವರಿಗಿರುವ ಹೆಮ್ಮೆ ಅದೊಂದೇ.

"ಇಲ್ಲ ಬಿಡಿ ಅಣ್ಣ," ಎನ್ನುತ್ತಾರೆ ಝೆನೋವಿಯಾ. "ಅದು ಅಂಥಾ ಒಳ್ಳೇ ಮೆಷಿನ್ನೇನಲ್ಲ."