ಮೇಯರಜ್ಜನ ತಪ್ಪು ತರ್ಜುಮೆ

ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ನನಗೊಂದು ಚಟ ಅಂಟಿದೆ. ಯಾರನ್ನಾದರೂ ದೊಡ್ಡವರೆಂದರೆ, ಪುರಾವೆ ಕೇಳುತ್ತೇನೆ. ಮನೆಯ ದೊಡ್ಡವರನ್ನೂ ಬಿಟ್ಟಿಲ್ಲ.

ನಮ್ಮ ಅಜ್ಜನ ತಮ್ಮ ತಂಬಾಕಿನ ವ್ಯಾಪಾರಕ್ಕೆಂದು ಗಡಿಯ ನಮ್ಮೂರು ಅಕ್ಕೋಳದಿಂದ ಹೋಗಿ ದೊಡ್ಡ ನಗರವೊಂದರ ಮೇಯರಾದವರು. ಆಮೇಲೆ ಸರಕಾರ ಅವರನ್ನು ಒಂದು ಪುಟ್ಟ ದೇಶಕ್ಕೆ ರಾಯಭಾರಿಯಾಗಿ ಕಳಿಸಿತು. ರಾಯಭಾರಿಗೆ ಮರಾಠಿಯಲ್ಲಿ ರಾಜದೂತ; ಅದೇ ಹೆಸರಿನ ಗಾಡಿಯೂ ಆಗ ಊರೂರಲ್ಲಿ ಓಡುತ್ತಿತ್ತು. ‘ಅವ್ರಿಗೆ ರಾಜದೂತ ಕೊಟ್ಟಾರಂತ’ ಎಂಬ ಸುದ್ದಿ ಬಂದಾಗ ಅರ್ಧ ಅಕ್ಕೋಳ, ‘ಈ ವಯಸ್ಸಿನಾಗ ಮೋಟರ್‌ಸೈಕಲ್ ಯಾಕ ಬೇಕಿತ್ತು?’ ಎಂದಿತಂತೆ.

ಮೇಯರೆಂದರೆ ಹಾರ ಹಾಕಿಸಿಕೊಳ್ಳುವವನು, ರಾಯಭಾರಿಯೆಂದರೆ ಔತಣ ಉಣ್ಣುವವನು. ಇದು ನನ್ನ ವಾದ. ಅಕ್ಕನ ಮದುವೆಯ ತನಕ ಅದನ್ನು ಯಾರೂ ಮುರಿದಿರಲಿಲ್ಲ.

ಲಗ್ನಪತ್ರಿಕೆಯಲ್ಲಿ ನಿಪ್ಪಾಣಿಯ ಸೋದರತ್ತೆಯ ಹೆಸರು ಬಿಟ್ಟುಹೋಗಿತ್ತು. (ಕರಡು ತಿದ್ದಿದವಳು ನಾನೇ. ಇದನ್ನು ಇಲ್ಲಿಯೇ ಮೊದಲು ಒಪ್ಪಿಕೊಳ್ಳುತ್ತಿರುವುದು.) ಅತ್ತೆ ಮದುವೆಗೇ ಬರುವುದಿಲ್ಲವೆಂದು ಕೂತರು. ಸೋದರತ್ತೆ ಮುಟ್ಟದೆ ನಮ್ಮಲ್ಲಿ ಮದುಮಗಳಿಗೆ ಅರಿಶಿನ ಏರುವುದಿಲ್ಲ. ಅಕ್ಕ ಅಳುತ್ತಿದ್ದಳು. ನಿವೃತ್ತರಾಗಿ ಊರಿಗೆ ಬಂದಿದ್ದ ಮೇಯರಜ್ಜ ಅತ್ತೆಯನ್ನು ಕರೆಸಿ, ಅವ್ವನನ್ನೂ ಅವರನ್ನೂ ಪಡಸಾಲೆಯಲ್ಲಿ ಕೂರಿಸಿ, ನಡುವೆ ತಾವು ಕೂತರು.

ಅತ್ತೆಗೆ ಸಿಟ್ಟು ಬಂದರೆ ಬಾಯಲ್ಲಿ ಮರಾಠಿಯೇ. “ಹ್ಯಾ ಘರಾತ್ ಮಲಾ ಮಾನ್ ನಾಹೀ!”

ಈ ಮನೆಯಲ್ಲಿ ತನಗೆ ಮಾನವಿಲ್ಲ ಎಂದದ್ದು ಅಂಗಳದ ಎಮ್ಮೆಗೂ ತಿಳಿದಿತ್ತು. ಅಜ್ಜ ಮಾತ್ರ ಅವ್ವನ ಕಡೆ ತಿರುಗಿ ಗಂಭೀರವಾಗಿ ತರ್ಜುಮೆ ಮಾಡಿದರು: “ಈ ಮನಿ ಅಂದ್ರ ನನಗ ಇನ್ನೂ ಜೀವ ಅಂತಾಳ.”

“ಮಾನ ಬೇಕಂದ್ರ ಮೊದ್ಲ ಮಂದಿಗೆ ಮಾನ ಕೊಡಾಕ ಕಲೀಲಿ!” ಎಂದಳು ಅಥಣಿ ಕಡೆಯ ಅವ್ವ.

ಅಜ್ಜ ಅತ್ತೆಗೆ ಮರಾಠಿಯಲ್ಲಿ, ಅತ್ತಿಗೆ ನಿನ್ನ ದಾರಿ ಕಾಯುತ್ತಿದ್ದಾಳೆ ಎಂದರು.

“ಅಜ್ಜಾ, ಇದು ಸುಳ್ಳು! ಸ್ಪರ್ಧಾದಾಗ ಇದಕ್ಕ ಅಂಕ ಕಳೀತಾರ,” ಎಂದೆ.

“ಅದಕ್ಕ ತಂಗಿ, ನಿನಗ ಬಹುಮಾನ ಭಾಳ, ಗೆಳತ್ಯಾರು ಕಡಿಮಿ.”

ಅತ್ತೆಯ ತುಟಿ ಅಲುಗಿತು. “ಕಾಕಾ, ನಾ ಹಂಗ ಅಂದಿಲ್ಲ.” ಕನ್ನಡಕ್ಕೆ ಇಳಿದಿದ್ದರು!

“ಗೊತ್ತೈತಿ ಬಿಡವ್ವ. ನೀ ಹಂಗ ಅನ್ನೂ ತನಕ ನಾ ತರ್ಜುಮಿ ಬಿಡಾಂಗಿಲ್ಲ.”

ಅವ್ವನೇ ಮೊದಲು ನಕ್ಕಳು. ಅಕ್ಕನ ಕೆನ್ನೆಗೆ ಅತ್ತೆಯ ಅರಿಶಿನ ಏರಿತು.

ಎರಡೂ ಕಡೆಯವರಿಗೆ ಒಂದೇ ಭಾಷೆ ಬಂದರೂ ದೊಡ್ಡ ಸಭೆಗಳಲ್ಲಿ ನಡುವೆ ದುಭಾಷಿ ಇರುವುದುಂಟಂತೆ. ಆತ ಮಾತಾಡುವಷ್ಟು ಹೊತ್ತು ಸಿಟ್ಟು ನುಂಗಲು ಪುರಸತ್ತು ಸಿಗುತ್ತದೆ. ಅಜ್ಜ ಆಮೇಲೆ ಹೇಳಿದ್ದು. ಪುರಾವೆ ಕೇಳಲಿಲ್ಲ ನಾನು. ಈಗ ಕೇಳೋಣವೆಂದರೆ ಅಜ್ಜ ಇಲ್ಲ.

ಹೋದ ವಾರ ಅವ್ವನಿಗೂ ಅತ್ತೆಗೂ ಮತ್ತೆ ಹತ್ತಿಕೊಂಡಿತು. ಅತ್ತೆಯ ಫೋನು ನಾನು ಎತ್ತಿದಾಗ ಅಡುಗೆಮನೆಯಿಂದ ಅವ್ವ ಕೂಗಿದಳು: “ಆ ಬಾಯಿಗೆ ಒಂದ್ ಕೀಲಿ ಹಾಕ್ಕೋ ಅಂತ ಹೇಳು!”

“ಊಟಕ್ಕ ಬರಬೇಕಂತ್ರಿ ಅತ್ತಿ,” ಎಂದೆ.



“ನಿಮ್ಮ ಅಜ್ಜನಷ್ಟ ಚಂದ ಸುಳ್ಳ ಹೇಳಾಕ ನಿನಗ ಬರೂದಿಲ್ಲ ಬಿಡು,” ಎಂದರು ಅತ್ತೆ. “ಎಷ್ಟ್ ಗಂಟೇಕ ಬರ್ಲಿ?”