ಕುರಿದೊಡ್ಡಿಯಲ್ಲಿ ಸೊನ್ನೆ ತೋರಿಸಿದ ಮೀಟರು

ಕೊಟ್ಟೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ರಿಪೇರಿ ಅಂಗಡಿ. ಮಿಕ್ಸರು, ಫ್ಯಾನು, ಎಲ್‌ಇಡಿ ಬಲ್ಬು, ಚಾರ್ಜಿಂಗ್ ಟಾರ್ಚು, ಏನು ತಂದರೂ ಬಿಚ್ಚಿ ನೋಡುತ್ತೇನೆ. ಐಟಿಐ ಓದುವಾಗ ನಮ್ಮ ಕ್ಲಾಸಿನಲ್ಲಿ ನಾನೊಬ್ಬಳೇ ಹುಡುಗಿ. ಈಗ ಬಜಾರಿಗೆ ಬಂದ ಹೆಂಗಸರು ಮಿಕ್ಸರನ್ನು ಚೀಲದಲ್ಲಿ ಹಾಕಿಕೊಂಡು ನೇರವಾಗಿ ನನ್ನ ಕೋಣೆಗೇ ಬರುತ್ತಾರೆ.

ಅಕ್ಕನನ್ನು ಕೂಡ್ಲಿಗಿಯ ಆಚೆ, ಗುಡ್ಡದ ಬುಡದ ಒಂದು ಹಳ್ಳಿಗೆ ಕೊಟ್ಟಿದ್ದಾರೆ. ಅವರದು ಕುರಿ ಸಾಕುವ ಮನೆ. ದೊಡ್ಡಿ ಇರುವುದು ಊರಿಂದ ಹೊರಗೆ, ಹೊಲದಲ್ಲಿ. ಕರೆಂಟಿನ ಕಂಬ ಅಲ್ಲಿಗೆ ಬಂದಿಲ್ಲ. ಹಾಗಾಗಿ ಭಾವ ಒಂದು ಸೋಲಾರ್ ಪ್ಲೇಟು, ಒಂದು ಬ್ಯಾಟರಿ ತಂದು, ನಾಲ್ಕು ಎಲ್‌ಇಡಿ ಪಟ್ಟಿಗಳನ್ನು ದೊಡ್ಡಿಯ ಸುತ್ತ ಕಟ್ಟಿದ್ದರು. ಬೆಳಕಿದ್ದರೆ ತೋಳ ಹತ್ತಿರ ಬರಲು ಅಂಜುತ್ತದೆ ಎಂಬ ಲೆಕ್ಕ. ಮೊದಲ ಬೇಸಿಗೆ ಚೆನ್ನಾಗಿಯೇ ಉರಿದವು. ಮಳೆಗಾಲ ಕಳೆದ ಮೇಲೆ ಅಕ್ಕನ ಫೋನು ಬಂತು.

"ದೀಪ ಬೆಳತನಕ ನಿಂದ್ರವಲ್ವು. ಕೋಳಿ ಕೂಗೋಕಿಂತ ಮೊದ್ಲಽ ಮಂಕಾಗಿ ಆರಿ ಹೋಗ್ತಾವ. ಬ್ಯಾಟ್ರಿ ಹೊಸಾದು ಹಾಕಿದ್ರೂ ಅಷ್ಟಽ. ನೀನಽ ಒಮ್ಮೆ ಬಂದು ನೋಡು."

ವೋಲ್ಟು, ಕರೆಂಟು ಅಳೆಯುವ ಮೀಟರು, ಇಕ್ಕಳ, ಟೇಪು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಮಧ್ಯಾಹ್ನ ದೊಡ್ಡಿಗೆ ಹೋಗಿ ಮೊದಲು ಬ್ಯಾಟರಿಯ ವೋಲ್ಟು ನೋಡಿದೆ. ಸರಿಯಾಗಿಯೇ ಇತ್ತು. ಹಾಗಾದರೆ ದೀಪಗಳು ಎಷ್ಟು ಕರೆಂಟು ಎಳೆಯುತ್ತವೆ ಎಂದು ನೋಡಬೇಕು. ಮೀಟರಿನ ಕೆಂಪು ತಂತಿಯನ್ನು ವೋಲ್ಟಿನ ಕಿಂಡಿಯಿಂದ ಕಿತ್ತು, ಕರೆಂಟು ಅಳೆಯುವ ಹತ್ತು ಆಂಪಿಯರಿನ ಕಿಂಡಿಗೆ ಚುಚ್ಚಿಟ್ಟೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಳೆದರಾಯಿತೆಂದು ಮೀಟರನ್ನು ಬ್ಯಾಟರಿಯ ಪಕ್ಕದಲ್ಲೇ ಬಿಟ್ಟು, ಅಕ್ಕನ ಜೊತೆ ಊಟಕ್ಕೆ ಮನೆಗೆ ಹೋದೆ.

ಸೂರ್ಯ ಮುಳುಗುವ ಹೊತ್ತಿಗೆ ಇಬ್ಬರೂ ಮರಳಿ ಬಂದೆವು. ಭಾವ ಕುರಿಗಳನ್ನು ಒಳಗೆ ಹೊಡೆದು ಊರ ಕಡೆ ಹೋದರು. ನಾನು ಬ್ಯಾಟರಿಯಿಂದ ಬರುವ ವೈರನ್ನು ಕತ್ತರಿಸಿ, ದೀಪದ ಸ್ವಿಚ್ಚು ಒತ್ತಿದೆ. ಅಕ್ಕ ಗಾಬರಿಯಾದಳು.

"ಅಯ್ಯ, ಚಲೋ ಇದ್ದ ವೈರು ಯಾಕ ಕಡದಿ?"

"ನೀನು ಕುರಿ ಎಣಿಸಬೇಕಾದ್ರ ದೊಡ್ಡಿ ಬಾಗ್ಲಾಗ ನಿಂದ್ರತಿಯಿಲ್ಲೇನು? ಕರೆಂಟೂ ಹಂಗಽ. ದಾರಿ ಕಡದು ನಡುವ ಮೀಟರ್ ಇಡಬೇಕು. ಎಲ್ಲಾ ಅದರಾಗ ಹಾದು ಹೋಗಬೇಕು, ಆವಾಗ ತಿಳಿತೈತಿ."

ಕತ್ತರಿಸಿದ ಎರಡು ತುದಿಗೂ ಮೀಟರಿನ ತಂತಿಗಳ ಮೊನೆ ಮುಟ್ಟಿಸಿದೆ. ದೀಪ ಹತ್ತಲಿಲ್ಲ. ಮೀಟರಿನಲ್ಲಿ ಸೊನ್ನೆ. ಮೊನೆಗಳನ್ನು ಒತ್ತಿ ಹಿಡಿದೆ, ವೈರಿನ ತುದಿಯನ್ನು ಕೆರೆದು ಹೊಳಪು ಮಾಡಿದೆ. ಮತ್ತೂ ಸೊನ್ನೆ. ಸ್ವಿಚ್ಚು ಕೆಟ್ಟಿರಬೇಕು ಅಂದುಕೊಂಡು ಬಿಚ್ಚಿದೆ. ಅದರಲ್ಲಿ ದೋಷವೇನೂ ಕಾಣಲಿಲ್ಲ, ಮತ್ತೆ ಜೋಡಿಸಿದೆ. ಪಟ್ಟಿಗಳ ಜೋಡಣೆ ಎಲ್ಲಿಯಾದರೂ ಬಿಟ್ಟಿದೆಯೋ ಎಂದು ಬೇಲಿಗುಂಟ ತಡವುತ್ತ ಹೋದೆ. ಅಷ್ಟರಲ್ಲಿ ಕತ್ತಲು ಕವಿದಿತ್ತು.

ದೊಡ್ಡಿಯ ಒಳಗಿಂದ ಅಕ್ಕ ಕೂಗಿದಳು. "ಲೇ, ಬೆಳಕು ಕೊಡು! ಕುರಿ ಈಯಾಕ ಹತ್ತೇತಿ. ಮರಿ ತಲಿ ಬಂದೈತಿ, ಕಾಲು ಬರವಲ್ವು!"

ನನ್ನ ಫೋನು ಚಾರ್ಜಿಗೆಂದು ಮನೆಯಲ್ಲಿ ಉಳಿದಿತ್ತು. ಅಕ್ಕನ ಫೋನು ಭಾವನ ಕೈಯಲ್ಲಿ. ಬ್ಯಾಟರಿಯ ಬಳಿಗೆ ಓಡಿ, ಮೀಟರನ್ನು ಪಕ್ಕಕ್ಕೆಸೆದು, ಕತ್ತರಿಸಿದ ವೈರಿನ ತುದಿಗಳನ್ನು ಕೈಯಲ್ಲೇ ಹೊಸೆದು ಹಿಡಿದೆ. ಹನ್ನೆರಡು ವೋಲ್ಟು, ಕೈಗೆ ಏನೂ ಆಗುವುದಿಲ್ಲ. ನಾಲ್ಕೂ ಪಟ್ಟಿಗಳು ಒಮ್ಮೆಲೇ ಹೊತ್ತಿಕೊಂಡವು.

ಅಕ್ಕ ಮಂಡಿಯೂರಿ ಕುಳಿತಿದ್ದಳು. ಮರಿಯ ಮುಂಗಾಲುಗಳು ಹಿಂದಕ್ಕೆ ಮಡಚಿದ್ದವು. ಅವಳು ತಲೆಯನ್ನು ಮೆಲ್ಲಗೆ ಹಿಂದಕ್ಕೆ ದೂಡಿ, ಎರಡು ಬೆರಳು ಒಳಗಿಟ್ಟು, ಒಂದೊಂದೇ ಕಾಲನ್ನು ಮುಂದಕ್ಕೆ ತಂದಳು. "ಅಲ್ಲಾಡಬ್ಯಾಡಲೇ, ಬೆಳಕು ಹೊಯ್ದಾಡತೈತಿ," ಅಂದಳು. ನಾನು ವೈರನ್ನು ಇನ್ನಷ್ಟು ಗಟ್ಟಿಯಾಗಿ ಹೊಸೆದೆ. ಮರಿ ಜಾರಿ ಹುಲ್ಲಿನ ಮೇಲೆ ಬಿತ್ತು. ಕೊಂಚ ಹೊತ್ತು ಸುಮ್ಮನಿತ್ತು. ಅಕ್ಕ ಅದರ ಮೂಗು ಒರೆಸಿ, ಹಿಂಗಾಲು ಹಿಡಿದು ಎತ್ತಿ ಕೊಡವಿದಳು. ಆಮೇಲೆ ಸಣ್ಣಗೆ ಬ್ಯಾ ಅಂದಿತು.

ಹಾಗೆ ವೈರು ಹಿಡಿದು ಕೂತಾಗಲೇ ನನಗೆ ಹೊಳೆಯಿತು. ಕೈಯಲ್ಲಿ ಹಿಡಿದರೆ ದೀಪ ಹತ್ತುತ್ತದೆ, ಮೀಟರು ಇಟ್ಟರೆ ಆರುತ್ತದೆ. ಬ್ಯಾಟರಿ ಸರಿ, ಸ್ವಿಚ್ಚು ಸರಿ, ಪಟ್ಟಿಗಳೂ ಸರಿ. ದಾರಿ ಮುಚ್ಚಿರುವುದು ಮೀಟರಿನೊಳಗೇ.

ಬೆಳಿಗ್ಗೆ ಅಂಗಳದಲ್ಲಿ ಕೂತು ಮೀಟರಿನ ಹಿಂಬದಿಯ ಸ್ಕ್ರೂ ಬಿಚ್ಚಿದೆ. ಹತ್ತು ಆಂಪಿಯರಿನ ಫ್ಯೂಸು ಸುಟ್ಟಿತ್ತು. ಆ ಫ್ಯೂಸು ಹೋದರೂ ಮೀಟರು ವೋಲ್ಟನ್ನು ಸರಿಯಾಗಿಯೇ ತೋರಿಸುತ್ತದೆ. ಅದರ ದಾರಿ ಬೇರೆ. ಕರೆಂಟಿಗೆ ಮಾತ್ರ ಸೊನ್ನೆ. ಹಿಂದಿನ ದಿನ ಬೆಳಿಗ್ಗೆ ಅಂಗಡಿಯಲ್ಲಿ ಇದೇ ಮೀಟರಿನಿಂದ ಕರೆಂಟು ಅಳೆದಿದ್ದೆ. ಅದು ಯಾವಾಗ ಸುಟ್ಟಿತು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ, ಚಹಾ ಕುಡಿಯುತ್ತಿದ್ದ ಭಾವ ಲೋಟ ಕೆಳಗಿಟ್ಟರು.

"ನಿನ್ನಿ ನೀವು ಉಣ್ಣಾಕ ಹೋದಾಗ ನಾನೂ ಒಂದೀಟು ಬ್ಯಾಟ್ರಿಗೆ ಹಚ್ಚಿ ನೋಡಿದ್ನವ್ವ. ಚಟ್ ಅಂತ ಕಿಡಿ ಹಾರಿತು. ಅಂಜಿ ಇಟ್ಟುಬಿಟ್ಟೆ."

"ನಿನ್ನಿನಽ ಹೇಳಾಕ ಏನಾಗಿತ್ತು?" ಅಕ್ಕ ಅವರ ಮೇಲೆ ಏರಿ ಹೋದಳು.

"ನಾಚಿಕಿ ಬಂತು," ಅಂದರು. ನನಗೆ ನಗು ತಡೆಯಲಾಗಲಿಲ್ಲ. ಕರೆಂಟಿನ ಕಿಂಡಿಯಲ್ಲಿ ತಂತಿಯಿಟ್ಟು ಬ್ಯಾಟರಿಯ ಎರಡೂ ತುದಿಗೆ ಮುಟ್ಟಿಸಿದರೆ, ಬ್ಯಾಟರಿಯ ಬಲವೆಲ್ಲ ಒಮ್ಮೆಲೇ ಮೀಟರಿನ ಮೇಲೆ ನುಗ್ಗುತ್ತದೆ. ಫ್ಯೂಸು ಪ್ರಾಣ ಕೊಟ್ಟು ಮೀಟರನ್ನು ಉಳಿಸಿತ್ತು. ಅವರಿಗೆ ಹಾಗೆಂದು ಬಿಡಿಸಿ ಹೇಳಿದೆ. ಬೈಕು ತೆಗೆದುಕೊಂಡು ಕೂಡ್ಲಿಗಿಗೆ ಹೋಗಿ ಅವರೇ ಫ್ಯೂಸು ತಂದುಕೊಟ್ಟರು, ಜೊತೆಗೆ ಮಿರ್ಚಿ ಮಂಡಕ್ಕಿಯನ್ನೂ.

ಹೊಸ ಫ್ಯೂಸು ಹಾಕಿದ ಮೇಲೆ ಕೆಲಸ ಸಲೀಸಾಯಿತು. ಒಂದೊಂದೇ ಪಟ್ಟಿಯನ್ನು ಬಿಡಿಸಿ ಅಳೆದೆ. ಮೂರು ಪಟ್ಟಿಗಳು ಹೆಚ್ಚುಕಡಿಮೆ ಒಂದೇ ಸಮ ಕರೆಂಟು ಎಳೆದವು. ತಗ್ಗಿನ ಮೂಲೆಯಲ್ಲಿದ್ದ ನಾಲ್ಕನೆಯದು ಎಲ್ಲಕ್ಕಿಂತ ಮಂದವಾಗಿ ಉರಿಯುತ್ತಿತ್ತು, ಆದರೆ ಎಳೆಯುತ್ತಿದ್ದ ಕರೆಂಟು ಎಲ್ಲಕ್ಕಿಂತ ಹೆಚ್ಚು. ಮಳೆನೀರು, ಗಂಜಲದ ಉಪ್ಪು ಒಳಗಿಳಿದು ತಾಮ್ರವೆಲ್ಲ ಹಸಿರುಗಟ್ಟಿತ್ತು. ರಾತ್ರಿಯಿಡೀ ಬ್ಯಾಟರಿ ಸೋರಿ ಹೋಗುತ್ತಿದ್ದದ್ದು ಅಲ್ಲಿಯೇ. ಅದನ್ನು ಕಿತ್ತು, ಉಳಿದ ಪಟ್ಟಿಗಳ ತುದಿಗೆ ಅಂಟು ತುಂಬಿ, ಕುರಿಗಳ ಬೆನ್ನಿಗೆ ತಾಗದಷ್ಟು ಎತ್ತರಕ್ಕೆ ಕಟ್ಟಿದೆವು. ಭಾವ ಕಲ್ಲಿನ ಮೇಲೆ ಹತ್ತಿ ನಿಂತಿದ್ದರು, ಅಕ್ಕ ಕೆಳಗಿಂದ ಹಗ್ಗ ಕೊಡುತ್ತಿದ್ದಳು. ರಾತ್ರಿ ಹುಟ್ಟಿದ ಮರಿ ಅಷ್ಟೊತ್ತಿಗಾಗಲೇ ಎದ್ದು ತಾಯಿಯ ಕೆಚ್ಚಲು ಹುಡುಕುತ್ತಿತ್ತು.

ಸಂಜೆಯ ಬಸ್ಸಿಗೆ ಕೊಟ್ಟೂರಿಗೆ ಮರಳಿದೆ. ಮರುದಿನ ನಾನಿನ್ನೂ ಹಲ್ಲುಜ್ಜುತ್ತಿರುವಾಗಲೇ ಅಕ್ಕನ ಫೋನು.

"ಏನಾತು? ಉರದ್ವೇನು?"

"ಏನ್ ಉರಿಯೋದು ಮಾರಾಯ್ತಿ! ಹೊತ್ತು ಹುಟ್ಟಿದ್ರೂ ಉರಿಯಾಕ ಹತ್ತಿದ್ವು. ನಿದ್ದಿ ಕೆಡಿಸಿಕೊಂಡು ನಾನಽ ಎದ್ದು ಹೋಗಿ ಆರಿಸಿ ಬಂದೆ ನೋಡು," ಅಂದಳು. ಬೈಯುವ ಹಾಗಿತ್ತು ಮಾತು. ಆದರೆ ಇಷ್ಟು ಹಗುರವಾದ ಅವಳ ದನಿಯನ್ನು ನಾನು ಕೇಳಿ ಬಹಳ ದಿನವಾಗಿತ್ತು.