ಯಜಮಾನರ ಚಡ್ಡಿ ತಿಂದ ಹೊಲ

ಹೋದ ವಾರ ನಮ್ಮ ಹೊಲ ನಮ್ಮ ಯಜಮಾನರ ಚಡ್ಡಿಯನ್ನು ತಿಂದು ಮುಗಿಸಿತು. ಲಾಡಿ ಒಂದನ್ನು ಉಳಿಸಿತ್ತು. (ಲಾಡಿ ನೈಲಾನಿನದು. ಹೊಲಕ್ಕೂ ರುಚಿ ಅನ್ನುವುದು ಇರುತ್ತದೆ.)

ನಗಬೇಡಿ. ಆ ಚಡ್ಡಿಯ ಮೇಲೆ ನನ್ನ ನಾಲ್ಕು ಎಕರೆಯ ಗತಿ ನಿಂತಿತ್ತು.

ಸಂಶಿ ಊರಿನ ಬಾಜೂಕ್ಕೆ ನಮ್ಮ ಎರೆಮಣ್ಣಿನ ಹೊಲ. ಬದುವಿನ ಈಚೆ ನಮ್ಮದು, ಆಚೆ ಮೈದುನ ಬಸಪ್ಪನದು. ಎರಡರಲ್ಲೂ ಹತ್ತಿ. ಹತ್ತಿ ಬಿಡಿಸಿ ಮುಗಿದ ಮೇಲೆ ಬಸಪ್ಪ ಒಣಗಿದ ಹತ್ತಿಕಟ್ಟಿಗೆಗೆ ಕಡ್ಡಿ ಗೀರುತ್ತಾನೆ, ಅದೇ ಕಡ್ಡಿಯಲ್ಲಿ ಬೀಡಿ ಹಚ್ಚಿಕೊಂಡು ಮನೆಗೆ ಹೋಗುತ್ತಾನೆ. ನಾನು ಮಷೀನು ತರಿಸಿ ಕಟ್ಟಿಗೆ ಪುಡಿ ಮಾಡಿಸಿ ಮಣ್ಣಿಗೇ ಹಾಕುತ್ತೇನೆ. ಹೋದ ವರ್ಷ ಅವನ ಬೆಂಕಿ ಬದು ದಾಟಿ ಬಂದು ನನ್ನ ತಿಪ್ಪೆ ಸುಟ್ಟಿತು. ಇಡೀ ವರ್ಷ ಕೂಡಿಹಾಕಿದ ಸಗಣಿ! ಗಂಡ ಬೈದರೆ ಎರಡು ದಿನಕ್ಕೆ ಮರೆತೇನು. ಸಗಣಿ ಸುಟ್ಟವನನ್ನು ಮರೆಯುವವಳಲ್ಲ ನಾನು.

ಅಷ್ಟರಲ್ಲಿ ಬಂದಳು ಬಮ್ಮಿಗಟ್ಟಿ ಊರಿನ ಹುಡುಗಿ ಶಿಲ್ಪಾ. ಮಣ್ಣಿನ ಬಗ್ಗೆ ಓದುತ್ತಾಳಂತೆ. (ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಅರವತ್ತು ವರ್ಷ ಮಣ್ಣಲ್ಲೇ ಇದ್ದೇನೆ. ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ.)

"ಆಯಿ, ಪಕ್ಕಾ ಕಾಟನ್ ಬಟ್ಟಿ ಎರಡು ಕೊಡ್ರಿ. ಎರಡೂ ಹೊಲದಾಗ ಒಂದೊಂದು ಹೂಳತೀನಿ. ಮಣ್ಣಾಗ ಕಣ್ಣಿಗೆ ಕಾಣದ ಜೀವ ಇರ್ತಾವ್ರಿ. ಎಲ್ಲಿ ಬಟ್ಟಿ ಹೆಚ್ಚು ಕರಗತೈತಿ, ಅಲ್ಲಿ ಅವು ಜೋರ ಅದಾವಂತ ತಿಳ್ಕೊಳ್ಳೂದು."

ಮನೆಯೆಲ್ಲ ಜಾಲಾಡಿದೆ. ಸೀರೆ ಸಿಂಥೆಟಿಕ್. ಟವೆಲ್ ಮಿಕ್ಸ್. ಹತ್ತಿ ಬೆಳೆಯುವವರ ಮನೆಯಲ್ಲಿ ಪಕ್ಕಾ ಹತ್ತಿಯದು ಅಂತ ಸಿಕ್ಕಿದ್ದು ಯಜಮಾನರ ಎರಡು ಪಟ್ಟೆಪಟ್ಟೆ ಚಡ್ಡಿ ಮಾತ್ರ!

"ಏ, ಅವು ಪರ ಊರಿಗೆ ಹೋಗಾಗ ಹಾಕ್ಕೊಳ್ಳೂ ಚಡ್ಡಿ ಬೇ!" ಎಂದು ಯಜಮಾನರು ಓಡಿ ಬಂದರು.

"ಪರ ಊರಾಗ ಅವನ್ನ ಯಾರ್ ನೋಡ್ತಾರ?" ಅಂದೆ. ಶಿಲ್ಪಾ ಒಂದನ್ನು ನಮ್ಮ ಹೊಲದಲ್ಲಿ, ಇನ್ನೊಂದನ್ನು ಬಸಪ್ಪನ ಹೊಲದಲ್ಲಿ ಹೂಳಿದಳು.

ಬಸಪ್ಪ ಬದುವಿನ ಮೇಲೆ ನಿಂತು ಪಂದ್ಯ ಕಟ್ಟಿದ. "ವೈನಿ, ನಿಮ್ಮ ಚಡ್ಡಿ ಹೆಚ್ಚು ಕರಗಿದ್ರ ಈ ಸಲ ನಾ ಬೆಂಕಿ ಹಚ್ಚೂದಿಲ್ಲ. ನನ್ನ ಹೊಲದ್ದು ಹೆಚ್ಚು ಕರಗಿದ್ರ ನಿಮ್ಮ ಹೊಲಕ್ಕೂ ನಾನ ಕಡ್ಡಿ ಗೀರಾಂವ."

"ನನ್ನ ಚಡ್ಡಿ ಅಲ್ಲೋ, ನಿಮ್ಮಣ್ಣಂದು," ಅಂದೆ. ಪಂದ್ಯಕ್ಕೆ ಒಪ್ಪಿದೆ.

ನಡುವೆ ಎಳ್ಳಮಾವಾಸ್ಯೆ ಬಂತು. ಅವತ್ತು ಹೊಲಕ್ಕೆ ಚರಗ ಚೆಲ್ಲುತ್ತೇವಲ್ಲ, ಹೋಳಿಗೆ, ಕಡುಬು, ಅನ್ನ ಎಲ್ಲ ಕಲಸಿ ಭೂಮಿತಾಯಿಗೆ ಉಣಿಸುವುದು? ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲಬೇಕು. ಚೆಲ್ಲಿದೆ. ಮೂರು ದಿಕ್ಕಿಗೆ ಒಂದೊಂದು ಹಿಡಿ. ನಾಲ್ಕನೆಯ ದಿಕ್ಕಿಗೆ ಬುಟ್ಟಿಯನ್ನೇ ಬೋರಲು ಹಾಕಿ, ಮೇಲೆ ಮಣ್ಣೆಳೆದೆ. ಚಡ್ಡಿ ಎಲ್ಲಿತ್ತು ಅಂತ ಬಿಡಿಸಿ ಹೇಳಬೇಕೇ? (ತಾಯಿಗೆ ಉಣಿಸಿದರೆ ಪಾಪವೇ?)

ಹೋದ ವಾರ ಅಗೆದಳು ಶಿಲ್ಪಾ. ನನ್ನ ಕಡೆ ಲಾಡಿ ಬಂತು, ಅಷ್ಟೆ. ಬಸಪ್ಪನ ಕಡೆ ಚಡ್ಡಿಯ ಒಂದು ಕಾಲು ಪಟ್ಟೆ ಸಮೇತ ಹಾಗೇ ಇತ್ತು. ಈ ವಯಸ್ಸಿನಲ್ಲಿ ನಾನು ಕುಣಿದೆ. ಮೊಣಕಾಲು ಆಮೇಲೆ ನೆನಪಾಯಿತು.

ಶಿಲ್ಪಾ ಮಾತ್ರ ಗುಂಡಿಯಲ್ಲಿ ಬೆರಳಾಡಿಸಿದಳು. "ಆಯಿ, ಇಲ್ಲಿ ಇರುವಿ ಸಾಲ ಹಚ್ಯಾವಲ್ರೀ? ಏನರ ಹಾಕೀರೇನು?"

ನಾನು ಆಕಾಶ ನೋಡಿದೆ. ಯಜಮಾನರಿಗೆ ಅದೇ ಸಾಕಾಯಿತು. ಚಡ್ಡಿಯ ಸಿಟ್ಟು ಇತ್ತಲ್ಲ! "ಚರಗದ ದಿನ ಇಕಿ ಅರ್ಧಾ ಬುಟ್ಟಿ ಹೋಳಿಗಿ ಇಲ್ಲೇ ಸುರುವ್ಯಾಳವಾ. ನನಗ ಎರಡ ಕೊಟ್ಟಿದ್ಲು."

"ಮೋಸ! ಅಗದಿ ಮೋಸ!" ಬಸಪ್ಪ ಕುಪ್ಪಳಿಸಿದ. "ನಾ ಬರೇ ಒಂದ ಕೊಡ ಬೆಲ್ಲದ ನೀರ ಹಾಕಿದ್ದೆ!"

ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡ. ತಡವಾಗಿತ್ತು.

ಟೆಸ್ಟ್ ಕ್ಯಾನ್ಸಲ್. ಹುಡುಗಿ ನಮ್ಮಿಬ್ಬರನ್ನೂ ಬದುವಿನ ಮೇಲೆ ಕೂರಿಸಿ ಪಾಠ ಮಾಡಿದಳು. "ಎಷ್ಟು ತಿಂದ್ವು ಅನ್ನೂದೊಂದ ಅಲ್ರಿ ಆಯಿ. ತಿಂದದ್ದರಾಗ ತಮ್ಮ ಮೈ ಬೆಳೆಸಿಕೊಂಡದ್ದು ಎಷ್ಟು, ಉಸಿರು ಮಾಡಿ ಗಾಳಿಗೆ ಬಿಟ್ಟದ್ದೆಷ್ಟು? ಮೈಗೆ ಸೇರಿದ ಕಾರ್ಬನ್ ಅವು ಸತ್ತಮ್ಯಾಲೂ ಸ್ವಲ್ಪರ ಮಣ್ಣಾಗ ಉಳೀತೈತಿ. ಗಾಳಿಗೆ ಬಿಟ್ಟದ್ದು ಹೋತು. ನೀವು ಪುಕ್ಕಟ ಹೋಳಿಗಿ ಹಾಕಿದ್ರ ಅವು ಹುರುಪಿನಾಗ ಸಿಕ್ಕಿದ್ದೆಲ್ಲಾ ತಿಂದು ಬರೇ ಉಸಿರು ಬಿಟ್ಟಿರಬೇಕು."

ನನಗೆ ಥಟ್ಟನೆ ತಿಳಿಯಿತು. ತಿಳಿಯದೆ ಏನು? ಮನೆಯಲ್ಲೇ ಒಬ್ಬರಿದ್ದಾರೆ. ಬೆಳಿಗ್ಗೆ ನಾಲ್ಕು ರೊಟ್ಟಿ, ಮಧ್ಯಾಹ್ನ ನಾಲ್ಕು. ಮೈಯಲ್ಲಿ ಮಾಂಸವಿಲ್ಲ, ಹೊಲದಲ್ಲಿ ಕೆಲಸವಿಲ್ಲ. ಎಂಟು ರೊಟ್ಟಿ ಎಲ್ಲಿ ಹೋಗುತ್ತವೆ? ಚಹಾ ಅಂಗಡಿಯ ಕಟ್ಟೆಯ ಮೇಲೆ ಕೂತು ಮಾತಿನಲ್ಲಿ ಬಿಟ್ಟು ಬರುತ್ತಾರೆ! ಇವರೊಬ್ಬರನ್ನೇ ಯಾಕೆ ಅನ್ನಲಿ? ನಮ್ಮೂರಿನ ಮೀಟಿಂಗ್ ನೋಡಿ. ಮಿರ್ಚಿ ಭಜಿ ಒಳಗೆ, ಗಾಳಿ ಹೊರಗೆ. ಊರಿನ ಮೈಗೆ ಏನು ಸೇರಿತು?

"ಇನ್ನೊಮ್ಮಿ ಹೂಳೂಣು. ಎರಡು ತಿಂಗಳು. ಈ ಸಲ ಯಾರೂ ಏನೂ ಉಣಸಬಾರದು," ಅಂದಳು ಶಿಲ್ಪಾ.

ಬಸಪ್ಪ ಬೀಡಿ ತೆಗೆದ. ಕಡ್ಡಿ ಗೀರಲಿಲ್ಲ. "ಅಲ್ಲವಾ, ಈಗ ನಾ ಕಟಗಿಗೆ ಬೆಂಕಿ ಹಚ್ಚಿದ್ರ ನನ್ನ ಹೊಲದಾಗಿನ ಜೀವ ಸಾಯ್ತಾವೇನು?"

"ಮ್ಯಾಲಿನವು ಸಾಯ್ತಾವ್ರೀ ಕಾಕಾ."

ಬೀಡಿ ವಾಪಸ್ ಜೇಬಿಗಿಟ್ಟ. ಆಮೇಲೆ ನನ್ನ ಕಡೆ ತಿರುಗದೆ ಹೇಳಿದ: "ವೈನಿ, ಆ ಕಟಗಿ ಪುಡಿ ಮಾಡೂ ಮಷೀನಿನಾಂವನ ನಂಬರ್ ಕೊಡ್ರಿ. ಸೋಲ್ತೀನಂತ ಅಲ್ಲ ಮತ್ತ. ಪಂದ್ಯ ಸರೀಕ ಆಗ್ಲಿ ಅಂತ."

ಆಗಲಪ್ಪಾ ಅಂದೆ. ನನ್ನ ತಿಪ್ಪೆ ಈ ವರ್ಷ ಉಳಿಯಿತು, ನನಗೆ ಅಷ್ಟೇ ಬೇಕಿತ್ತು. ಮನೆಗೆ ಬಂದು ಹಗ್ಗದ ಮೇಲೆ ಒಣಗುತ್ತಿದ್ದ ಎರಡು ಹೊಸ ಪಟ್ಟೆಪಟ್ಟೆ ಚಡ್ಡಿ ಎಳೆದುಕೊಂಡೆ.

ಪಂದ್ಯ ಕಟ್ಟಿದವರು ನಾವಿಬ್ಬರು. ಎರಡು ಸಲವೂ ಮಣ್ಣುಪಾಲಾದದ್ದು ಯಜಮಾನರ ಚಡ್ಡಿ. ಇಷ್ಟು ದಿನ ಅವರು ತಿಂದ ರೊಟ್ಟಿ, ಚಡ್ಡಿಯ ರೂಪದಲ್ಲಾದರೂ, ಹೊಲದ ಕೆಲಸಕ್ಕೆ ಬಂದದ್ದು ಈಗಲೇ ಅಲ್ಲವೇ?